ಅಳಿಸು, ಇಳಿಸು, ಉಳಿಸು: ಕನ್ನಡ ತಂತ್ರಾಂಶದ ಆಜ್ಞೆಗಳಿಗೆ ಹೆಸರಿಡುವ ಮೊದಲು ಮಾಡಬೇಕಾದ ಪರೀಕ್ಷೆ

ಉಡುಪಿಯ ಸಮೀಪದ ಒಂದು ಹಾಲು ಉತ್ಪಾದಕರ ಸಂಘದಲ್ಲಿ ಕನ್ನಡದಲ್ಲೇ ನಡೆಯುವ ಲೆಕ್ಕದ ತಂತ್ರಾಂಶವನ್ನು ಅಳವಡಿಸಿದ ಮೊದಲ ವಾರ ನಾನು ಅಲ್ಲಿದ್ದೆ. ಹತ್ತಾರು ವರ್ಷ ಖಾತೆಪುಸ್ತಕ ಬರೆದು ಕೈ ಪಳಗಿದ್ದ ಮಹಿಳೆಯೊಬ್ಬರು ಬೆಳಗಿನ ಹಾಲಿನ ಲೆಕ್ಕವನ್ನೆಲ್ಲ ನಮೂದಿಸಿ, ಕೊನೆಗೆ ‘ಉಳಿಸು’ ಎಂಬುದನ್ನು ಒತ್ತಲು ಹೋಗಿ ಪಕ್ಕದಲ್ಲೇ ಇದ್ದ ‘ಅಳಿಸು’ ಎಂಬುದನ್ನು ಒತ್ತಿದರು. ಹಾಳೆ ಖಾಲಿಯಾಯಿತು. ಸುತ್ತಲಿದ್ದವರು ಅವರಿಗೆ ಕಂಪ್ಯೂಟರ್ ಒಗ್ಗುವುದಿಲ್ಲವೆಂದು ತೀರ್ಮಾನಿಸಿದರು. ಅವರೂ ಅದನ್ನೇ ನಂಬಿ ಮರುದಿನ ಹಳೆಯ ಪುಸ್ತಕವನ್ನು ಕೈಗೆತ್ತಿಕೊಂಡರು. ತಪ್ಪು ಅವರದಾಗಿರಲಿಲ್ಲ. ಒಂದೇ ಒಂದು ಸ್ವರದ ವ್ಯತ್ಯಾಸವಿರುವ ಎರಡು ಪದಗಳಿಗೆ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳನ್ನು ಒಪ್ಪಿಸಿ, ಅವನ್ನು ಅಕ್ಕಪಕ್ಕದಲ್ಲಿ ಕೂರಿಸಿದವರು ಆ ಪದಗಳನ್ನು ಬಳಸುವವರ ಮುಂದೆ ಒಮ್ಮೆಯೂ ಪರೀಕ್ಷಿಸಿ ನೋಡಿರಲಿಲ್ಲ.

ಈ ಬರಹವು ಅಂತಹ ಪರೀಕ್ಷೆಯನ್ನು ಹೇಗೆ ಮಾಡಬೇಕೆಂಬುದರ ವಿವರಣೆ. ಕರಾವಳಿಯಲ್ಲಿ ಗ್ರಂಥಾಲಯಕ್ಕೆ, ಸಹಕಾರಿ ಸಂಘಕ್ಕೆ, ದೇವಸ್ಥಾನದ ಸೇವಾ ರಶೀದಿಗೆ, ಶಾಲೆಗೆ ಕನ್ನಡ ತಂತ್ರಾಂಶವನ್ನು ಸಿದ್ಧಪಡಿಸುವವರನ್ನೂ ಅದನ್ನು ಇತರರಿಗೆ ಕಲಿಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಲ್ಲಿ ಆಜ್ಞೆ ಎಂದರೆ ಬೆರಳಚ್ಚಿಸುವ ಪದವೂ ಹೌದು, ಪರದೆಯ ಗುಂಡಿಯ ಮೇಲಿನ ಹೆಸರೂ ಹೌದು, ಈಗ ಬಾಯಿಯಿಂದ ಹೇಳುವ ಮಾತೂ ಹೌದು. ವಿಧಾನ ಹೊಸದಲ್ಲ. ಜನರು ಕಂಪ್ಯೂಟರಿನ ಆಜ್ಞೆಗಳನ್ನು ಹೇಗೆ ಕಲಿಯುತ್ತಾರೆ, ಏಕೆ ಮರೆಯುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರು 1980ರ ದಶಕದ ಆರಂಭದಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಪ್ರಯೋಗಾಲಯಗಳಲ್ಲಿ ಶ್ರಮವಹಿಸಿ ಪರಿಶೀಲಿಸಿದ್ದರು. ಡೊನಾಲ್ಡ್ ನಾರ್ಮನ್ 1981ರಲ್ಲಿ ‘ಡೇಟಾಮೇಷನ್’ ಪತ್ರಿಕೆಯಲ್ಲಿ ಯುನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯ ಆಜ್ಞೆಗಳ ಹೆಸರುಗಳನ್ನು ಕಟುವಾಗಿ ಟೀಕಿಸಿದಾಗ ಆ ಚರ್ಚೆ ಪ್ರಯೋಗಾಲಯದ ಹೊರಗೂ ಹಬ್ಬಿತು. ಕಡತವನ್ನು ಓದಲು ‘ಕ್ಯಾಟ್’ ಎಂದು ಬರೆಯಬೇಕಾದ ಹೊಸಬನಿಗೆ ಆ ಪದದಿಂದ ಯಾವ ಸುಳಿವು ಸಿಗುತ್ತದೆ ಎಂಬಂತಹ ಪ್ರಶ್ನೆಗಳು ಅದರಲ್ಲಿದ್ದವು. ಆ ಕಾಲದ ಪ್ರಯೋಗಗಳ ಪೈಕಿ ಕೆಲವಕ್ಕೆ ಕಾಗದ, ಪೆನ್ಸಿಲು ಮತ್ತು ತಾಳ್ಮೆ ಸಾಕಾಗಿದ್ದವು. ನಮಗೂ ಅಷ್ಟೇ ಸಾಕು.

ಪದಗಳನ್ನು ಊಹಿಸದೆ ಕೇಳಿ ಕೂಡಿಹಾಕುವುದು

ಮೊದಲ ಹೆಜ್ಜೆಯಲ್ಲೇ ಹೆಚ್ಚು ಸಮಯ ಕೊಡಬೇಕು. ತಂತ್ರಾಂಶ ಬರೆಯುವವರು ತಮಗೆ ಸಹಜವೆನಿಸಿದ ಪದ ಎಲ್ಲರಿಗೂ ಸಹಜವೆಂದು ಭಾವಿಸುತ್ತಾರೆ. ಜಾರ್ಜ್ ಫರ್ನಾಸ್, ಥಾಮಸ್ ಲ್ಯಾಂಡಾವರ್, ಲೂಯಿಸ್ ಗೋಮೆಜ್ ಮತ್ತು ಸೂಸನ್ ಡುಮೇ 1987ರಲ್ಲಿ ‘ಕಮ್ಯುನಿಕೇಶನ್ಸ್ ಆಫ್ ದಿ ಎಸಿಎಂ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ಭಾವನೆಯನ್ನು ಅಂಕಿಗಳಿಂದಲೇ ಅಲುಗಾಡಿಸಿತು. ಬರಹವನ್ನು ತಿದ್ದುವ ಕ್ರಿಯೆಗಳು, ಅಡುಗೆಯ ವಿಧಾನಗಳು, ಮಾರಾಟದ ಜಾಹೀರಾತುಗಳು, ದಿನಬಳಕೆಯ ವಸ್ತುಗಳು ಮುಂತಾದವಕ್ಕೆ ಜನರು ತಾವಾಗಿಯೇ ಯಾವ ಹೆಸರು ಕೊಡುತ್ತಾರೆಂದು ಅವರು ಸಂಗ್ರಹಿಸಿದರು. ಇಬ್ಬರು ವ್ಯಕ್ತಿಗಳು ಒಂದೇ ವಿಷಯಕ್ಕೆ ಒಂದೇ ಪದವನ್ನು ಆರಿಸುವ ಸಂಭವನೀಯತೆ ಎಲ್ಲಿಯೂ 0.20ನ್ನು ದಾಟಲಿಲ್ಲ. ಎಂದರೆ ತಂತ್ರಾಂಶ ಬರೆದವನು ಒಂದೇ ಪದವನ್ನು ನಿಗದಿಪಡಿಸಿ ಕುಳಿತರೆ, ಮೊದಲ ಬಾರಿ ಬರುವ ಹತ್ತು ಜನರಲ್ಲಿ ಎಂಟು ಜನರಾದರೂ ಬೇರೆ ಪದದಿಂದ ಬಾಗಿಲು ತಟ್ಟುತ್ತಾರೆ.

ಇಂಗ್ಲಿಷ್ ಮಾತನಾಡುವವರಲ್ಲೇ ಹೀಗಿದ್ದರೆ ಮಂಗಳೂರು–ಉಡುಪಿಯಲ್ಲಿ ಹೇಗಿರಬಹುದೆಂದು ಯೋಚಿಸಬೇಕು. ಇಲ್ಲಿ ಒಂದು ಕಚೇರಿಯ ನಾಲ್ಕು ಮೇಜುಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ ಮನೆಮಾತಾಗಿರುವವರು ಕುಳಿತಿರುತ್ತಾರೆ. ಕಡತ ಬರೆಯುವುದು ಕನ್ನಡದಲ್ಲಿ, ಯಂತ್ರದ ಮಾತು ಇಂಗ್ಲಿಷಿನಲ್ಲಿ. ಕರಿಹಲಗೆಯ ಮೇಲಿನದನ್ನು ಕೆಲವರು ‘ಅಳಿಸು’ವುದಾದರೆ ಇನ್ನು ಕೆಲವರು ‘ಉದ್ದು’ತ್ತಾರೆ, ಮತ್ತೆ ಕೆಲವರು ‘ಒರೆಸು’ತ್ತಾರೆ. ಈ ವೈವಿಧ್ಯವನ್ನು ಇಲ್ಲಿನ ನಿಘಂಟುಕಾರರು ಬಹಳ ಹಿಂದೆಯೇ ಗೌರವದಿಂದ ದಾಖಲಿಸಿದ್ದಾರೆ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು 1894ರಲ್ಲಿ, ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನಾ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಸಿದ್ಧವಾದ ತುಳು ನಿಘಂಟು ಆರು ಸಂಪುಟಗಳಷ್ಟು ವಿಸ್ತಾರವಾದದ್ದು. ಜನರ ಬಾಯಿಯಿಂದ ಪದವನ್ನು ಕೇಳಿ ಬರೆದುಕೊಳ್ಳುವ ಪರಂಪರೆ ಇರುವ ಊರಿನಲ್ಲಿ ತಂತ್ರಾಂಶದ ಪದಗಳನ್ನು ಮಾತ್ರ ಮೇಜಿನ ಮುಂದೆ ಕುಳಿತು ಕಟ್ಟುವುದು ನನಗೆ ಸರಿಕಾಣುವುದಿಲ್ಲ.

ಸಂಗ್ರಹಿಸುವ ಕ್ರಮ ಹೀಗಿರಲಿ. ನಿಮ್ಮ ತಂತ್ರಾಂಶ ಮಾಡಬೇಕಾದ ಹತ್ತು ಹನ್ನೆರಡು ಕೆಲಸಗಳನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ ಎರಡು ಚಿತ್ರಗಳಿರುವ ಒಂದು ಚೀಟಿಯನ್ನು ಸಿದ್ಧಪಡಿಸಿ. ಎಡಗಡೆಯಲ್ಲಿ ಕೆಲಸಕ್ಕೆ ಮೊದಲಿನ ಪುಟ, ಬಲಗಡೆಯಲ್ಲಿ ಕೆಲಸದ ನಂತರದ ಪುಟ. ಉದಾಹರಣೆಗೆ, ಎಡಗಡೆ ಐದು ಸದಸ್ಯರ ಹೆಸರುಗಳ ಪಟ್ಟಿ. ಬಲಗಡೆ ಅದೇ ಪಟ್ಟಿಯಲ್ಲಿ ಮೂರನೆಯ ಹೆಸರು ಇಲ್ಲ. ಚೀಟಿಯ ಮೇಲೆ ಯಾವ ಕ್ರಿಯಾಪದವೂ ಇರಬಾರದು. ‘ಈ ಹೆಸರನ್ನು ಅಳಿಸಲು ಏನು ಹೇಳುತ್ತೀರಿ’ ಎಂದು ಕೇಳಿದರೆ ಉತ್ತರ ‘ಅಳಿಸು’ ಎಂದೇ ಬರುತ್ತದೆ. ನೀವು ಕೊಟ್ಟ ಪದವನ್ನೇ ಅವರು ಹಿಂದಿರುಗಿಸಿರುತ್ತಾರೆ ಅಷ್ಟೆ. ಅದರ ಬದಲು, ‘ಎಡಗಡೆಯದು ಬಲಗಡೆಯದರಂತೆ ಆಗಬೇಕಾದರೆ ಪಕ್ಕದಲ್ಲಿ ಕುಳಿತು ಬರೆಯುವವರಿಗೆ ನೀವು ಏನೆಂದು ಹೇಳುತ್ತೀರಿ?’ ಎಂದು ಕೇಳಬೇಕು. ಫರ್ನಾಸ್ ಮತ್ತು ಸಂಗಡಿಗರು ಬೆರಳಚ್ಚು ಬಲ್ಲವರ ಮುಂದೆ ತಿದ್ದುಪಡಿಯ ಗುರುತುಗಳಿದ್ದ ಪುಟಗಳನ್ನಿಟ್ಟು, ಅವನ್ನು ಇನ್ನೊಬ್ಬರಿಗೆ ಹೇಗೆ ವಿವರಿಸುತ್ತೀರೆಂದು ಕೇಳಿದ್ದರ ಹಿಂದೆಯೂ ಇದೇ ಎಚ್ಚರಿಕೆ ಇತ್ತು.

ಕೇಳಬೇಕಾದದ್ದು ಯಾರನ್ನು ಎಂಬುದು ಅಷ್ಟೇ ಮುಖ್ಯ. ಮಣಿಪಾಲದ ತರಗತಿಯಲ್ಲಿ ಸುಲಭವಾಗಿ ಸಿಗುವ ಇಪ್ಪತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿ ಮುಗಿಸುವ ಆಸೆ ಸಹಜ. ಆದರೆ ಅವರೆಲ್ಲರ ಕನ್ನಡವೂ ಒಂದೇ ಪರದೆಯಿಂದ ಬಂದದ್ದಾಗಿರುತ್ತದೆ. ತಂತ್ರಾಂಶ ಸಂಘದ ಕಾರ್ಯದರ್ಶಿಗಾದರೆ ಸಂಘದ ಕಾರ್ಯದರ್ಶಿಗಳನ್ನು, ಮಲ್ಪೆಯ ಮೀನು ವ್ಯಾಪಾರದ ಲೆಕ್ಕಕ್ಕಾದರೆ ಅಲ್ಲಿ ಲೆಕ್ಕ ಬರೆಯುವವರನ್ನು ಕೇಳಬೇಕು. ಇಪ್ಪತ್ತು ಜನ ಸಿಕ್ಕಿದರೆ ಸಾಕು. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೂರಿಸಿ ಕೇಳಬೇಕು, ಏಕೆಂದರೆ ಗುಂಪಿನಲ್ಲಿ ಹಿರಿಯರು ಹೇಳಿದ ಪದವನ್ನು ಉಳಿದವರು ಮರುನುಡಿಯುತ್ತಾರೆ. ಚೀಟಿಗಳ ಕ್ರಮವನ್ನು ಪ್ರತಿಯೊಬ್ಬರಿಗೂ ಕಲಸಿ ಬದಲಾಯಿಸಬೇಕು. ಯಾರಾದರೂ ತುಳುವಿನಲ್ಲಿ ‘ದೆಪ್ಪು’ ಎಂದರೆ ಹಾಗೆಯೇ ಬರೆದುಕೊಳ್ಳಬೇಕು. ‘ಕನ್ನಡದಲ್ಲಿ ಹೇಳಿ’ ಎಂದು ತಡೆದರೆ ಅವರು ಪುಸ್ತಕದ ಪದವೊಂದನ್ನು ನೆನಪಿಸಿಕೊಂಡು ಕೊಡುತ್ತಾರೆ, ಅದು ನಾಳೆ ಯಂತ್ರದ ಮುಂದೆ ಅವರ ನಾಲಗೆಗೆ ಬರುವುದಿಲ್ಲ.

ಎಣಿಸುವಾಗ ಕನ್ನಡದ ಪ್ರತ್ಯಯಗಳು ತೊಡಕಾಗುತ್ತವೆ. ಅಳಿಸು, ಅಳಿಸಿ, ಅಳಿಸಬೇಕು, ಅಳಿಸಿಬಿಡಿ ಇವೆಲ್ಲ ಒಂದೇ ಪದವೆಂದು ಮೊದಲೇ ನಿರ್ಧರಿಸಿ ಬರೆದಿಟ್ಟುಕೊಳ್ಳಬೇಕು. ಎಣಿಸುತ್ತಾ ಹೋದಂತೆ ನಿಯಮ ಬದಲಾಯಿಸಬಾರದು. ‘ಡಿಲೀಟ್ ಮಾಡು’ ಎಂಬುದು ಬೇರೆಯೇ ಪದ, ‘ತೆಗೆ’ ಬೇರೆಯೇ ಪದ. ಏಕವಚನ–ಬಹುವಚನದ ಬಗೆಗೆ ಒಂದು ಮಾತು: ಯಂತ್ರಕ್ಕೆ ನಾವು ಕೊಡುವ ಆಜ್ಞೆ ‘ಅಳಿಸು’ ಎಂದಿರುವುದೂ, ಯಂತ್ರ ನಮ್ಮನ್ನು ಕೋರುವಾಗ ‘ಹೆಸರು ಬರೆಯಿರಿ’ ಎಂದಿರುವುದೂ ಸರಿಯಾದ ಮರ್ಯಾದೆ. ಇವೆರಡನ್ನೂ ಒಂದೇ ಪರದೆಯ ಮೇಲೆ ಗೊತ್ತುಗುರಿಯಿಲ್ಲದೆ ಬೆರೆಸಿದರೆ, ಯಾರು ಯಾರಿಗೆ ಹೇಳುತ್ತಿದ್ದಾರೆಂಬುದೇ ಓದುವವರಿಗೆ ಸ್ಪಷ್ಟವಾಗುವುದಿಲ್ಲ.

ಈಗ ಒಮ್ಮತವನ್ನು ಲೆಕ್ಕ ಹಾಕಬೇಕು. ವಿಧಾನ ತಿಳಿಯುವುದಕ್ಕಾಗಿ ಮಾತ್ರ ಕೆಲವು ಸಂಖ್ಯೆಗಳನ್ನು ಕಲ್ಪಿಸಿಕೊಳ್ಳೋಣ. ಮೂರನೆಯ ಹೆಸರು ಇಲ್ಲವಾಗುವ ಚೀಟಿಗೆ 20 ಜನರಲ್ಲಿ 7 ಮಂದಿ ‘ಅಳಿಸು’, 5 ಮಂದಿ ‘ತೆಗೆ’, 4 ಮಂದಿ ‘ಡಿಲೀಟ್ ಮಾಡು’, 2 ಮಂದಿ ‘ಉದ್ದು’, ತಲಾ ಒಬ್ಬರು ‘ರದ್ದು ಮಾಡು’ ಮತ್ತು ‘ಬಿಸಾಡು’ ಎಂದರೆನ್ನಿ. ಪ್ರತಿ ಪದವನ್ನು ಹೇಳಿದವರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯಿಂದ ಗುಣಿಸಿ ಕೂಡಿಸಿ: 7×6, 5×4, 4×3, 2×1, ಉಳಿದೆರಡು ಸೊನ್ನೆ, ಒಟ್ಟು 76. ಅದನ್ನು 20×19, ಎಂದರೆ 380ರಿಂದ ಭಾಗಿಸಿದರೆ 0.20 ಬರುತ್ತದೆ. ಯಾರಾದರೂ ಇಬ್ಬರನ್ನು ಕರೆದರೆ ಅವರು ಒಂದೇ ಪದ ಹೇಳುವ ಸಂಭವನೀಯತೆ ಅದು. ಈ ಉದಾಹರಣೆಯಲ್ಲಿ ಅತ್ಯಂತ ಜನಪ್ರಿಯ ಪದವೂ ಹದಿಮೂರು ಜನರನ್ನು ಹೊರಗಿಡುತ್ತದೆ ಎಂಬುದನ್ನು ಗಮನಿಸಬೇಕು.

ಹಾಗಾದರೆ ಏನು ಮಾಡುವುದು? ಫರ್ನಾಸ್ ಮತ್ತು ಸಂಗಡಿಗರ ಸಲಹೆ ನೇರವಾಗಿದೆ: ಒಂದೇ ಪದವನ್ನು ಹುಡುಕುತ್ತಾ ಕೂರದೆ, ಬಂದ ಪದಗಳನ್ನೆಲ್ಲ ಪರ್ಯಾಯ ಹೆಸರುಗಳಾಗಿ ಯಂತ್ರ ಒಪ್ಪಿಕೊಳ್ಳಲಿ. ಪರದೆಯ ಮೇಲೆ ಕಾಣುವ ಹೆಸರು ಒಂದೇ ಇರಲಿ, ಆದರೆ ಹುಡುಕುವ ಪೆಟ್ಟಿಗೆಯಲ್ಲಿ ‘ಉದ್ದು’ ಎಂದು ಬರೆದವರಿಗೂ ಅದೇ ಕೆಲಸ ಸಿಗಲಿ. ನಾನು ನೋಡಿದ ಕನ್ನಡ ತಂತ್ರಾಂಶಗಳಲ್ಲಿ ಈ ಸೌಕರ್ಯ ಅಪರೂಪ. ಇದನ್ನು ಸೇರಿಸಲು ಬೇಕಾಗುವ ಶ್ರಮ ಮಾತ್ರ ಒಂದು ಮಧ್ಯಾಹ್ನದ್ದು.

‘ತೆಗೆ’ ಎಂಬ ಪದದ ಅಪಾಯ

ಪರ್ಯಾಯಗಳನ್ನು ಸೇರಿಸುವಾಗ ಒಂದು ವರ್ಗದ ಪದಗಳನ್ನು ಪ್ರತ್ಯೇಕವಾಗಿ ಇಡಬೇಕು. ಕನ್ನಡದ ‘ತೆಗೆ’ ಅವುಗಳಲ್ಲಿ ಮೊದಲನೆಯದು. ಬಾಗಿಲು ತೆಗೆ ಎಂದರೆ ತೆರೆಯುವುದು, ಬ್ಯಾಂಕಿನಿಂದ ಹಣ ತೆಗೆ ಎಂದರೆ ಹಿಂಪಡೆಯುವುದು, ಪಟ್ಟಿಯಿಂದ ಹೆಸರು ತೆಗೆ ಎಂದರೆ ಇಲ್ಲವಾಗಿಸುವುದು, ಫೋಟೋ ತೆಗೆ ಎಂದರೆ ಹೊಸದೊಂದನ್ನು ಉಂಟುಮಾಡುವುದು. ತುಳುವಿನ ‘ದೆಪ್ಪು’ ಕೂಡ ಬಾಗಿಲನ್ನು ತೆರೆಯುತ್ತದೆ, ವಸ್ತುವನ್ನು ಎತ್ತಿಡುತ್ತದೆ. ಆದುದರಿಂದ ನಮ್ಮ ಕರಾವಳಿಯ ಲೆಕ್ಕಿಗರೊಬ್ಬರು ‘ಕಡತ ತೆಗೆ’ ಎಂದು ಬರೆದರೆ ಅವರು ಅದನ್ನು ಓದಲು ಬಯಸಿದ್ದಾರೋ ನಾಶಮಾಡಲು ಬಯಸಿದ್ದಾರೋ ಎಂಬುದನ್ನು ಯಂತ್ರ ಊಹಿಸಬಾರದು, ಕೇಳಬೇಕು. ‘ಹಾಕು’, ‘ಮಾಡು’, ‘ಬದಲಿಸು’ ಇವೂ ಇದೇ ಸಾಲಿನವು.

ಇದಕ್ಕೆ ಆಧಾರವಿದೆ. ಜಾನ್ ಬ್ಲ್ಯಾಕ್ ಮತ್ತು ಥಾಮಸ್ ಮೋರನ್ 1982ರಲ್ಲಿ ಅಮೆರಿಕದ ಗೇಥರ್ಸ್‌ಬರ್ಗ್‌ನ ಸಮ್ಮೇಳನದಲ್ಲಿ ಮಂಡಿಸಿದ ಪ್ರಯೋಗದಲ್ಲಿ ಒಂದೇ ಕೆಲಸಗಳಿಗೆ ಏಳು ಬಗೆಯ ಹೆಸರುಗಳನ್ನಿಟ್ಟು ಕಲಿಸಿ ನೋಡಿದರು. ‘ಇನ್ಸರ್ಟ್’, ‘ಡಿಲೀಟ್’ ಎಂಬಂತಹ, ಮಾತಿನಲ್ಲಿ ಅಷ್ಟಾಗಿ ಬಳಕೆಯಾಗದ ಆದರೆ ಒಂದು ಕೆಲಸವನ್ನು ಇನ್ನೊಂದರಿಂದ ಸ್ಪಷ್ಟವಾಗಿ ಬೇರ್ಪಡಿಸುವ ಪದಗಳು ಬೇಗ ಕಲಿಯಲ್ಪಟ್ಟವು, ಹೆಚ್ಚು ನೆನಪಿನಲ್ಲಿ ಉಳಿದವು. ‘ಆಲ್ಟರ್’, ‘ಕರೆಕ್ಟ್’ ಎಂಬಂತಹ ಸಾಮಾನ್ಯಾರ್ಥದ ಪದಗಳು ಎಲ್ಲಕ್ಕಿಂತ ಹಿಂದೆ ಬಿದ್ದವು. ಅರ್ಥವೇ ಇಲ್ಲದ ಅಕ್ಷರಗುಚ್ಛಗಳು ಕೂಡ ನಿರೀಕ್ಷೆಗಿಂತ ಚೆನ್ನಾಗಿ ನೆನಪಿನಲ್ಲಿದ್ದವು. ಲ್ಯಾಂಡಾವರ್, ಗ್ಯಾಲೋಟಿ ಮತ್ತು ಹಾರ್ಟ್‌ವೆಲ್ 1983ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಅಚ್ಚರಿಯದು. ಬೆರಳಚ್ಚು ಕಲಿತವರಿಗೆ ಬರಹ ತಿದ್ದುವ ತಂತ್ರಾಂಶವನ್ನು ಮೂರು ಪದಕೋಶಗಳಲ್ಲಿ ಕಲಿಸಲಾಯಿತು: ವ್ಯವಸ್ಥೆಯ ಹಳೆಯ ಪದಗಳು, ಜನರೇ ಹೆಚ್ಚಾಗಿ ಬಳಸುವ ‘ಆಡ್’, ‘ಒಮಿಟ್’, ‘ಚೇಂಜ್’ ಎಂಬಂತಹ ಪದಗಳು, ಮತ್ತು ಕೆಲಸಕ್ಕೆ ಏನೂ ಸಂಬಂಧವಿಲ್ಲದ ‘ಅಲೆಜ್’, ‘ಸೈಫರ್’, ‘ಡೆಲಿಬರೇಟ್’. ಆರಂಭದ ಕಲಿಕೆಯಲ್ಲಿ ಈ ಮೂರರ ನಡುವೆ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ.

ಇದನ್ನು ಓದಿ ‘ಯಾವ ಹೆಸರಾದರೂ ಆದೀತು’ ಎಂದು ಕೈಬಿಡುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಬೆರಳೆಣಿಕೆಯ ಆಜ್ಞೆಗಳನ್ನು ಶಿಕ್ಷಕರು ಎದುರಿಗಿದ್ದು ಕಲಿಸುವಾಗ ಹೆಸರಿನ ಸಹಜತೆ ಅಷ್ಟೇನೂ ನೆರವಾಗುವುದಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಯಾರೂ ಕಲಿಸದೆ ಯಂತ್ರದ ಮುಂದೆ ಒಂಟಿಯಾಗಿ ಕುಳಿತವರ ಸ್ಥಿತಿ ಬೇರೆ. ಅವರು ಪದವನ್ನು ನೆನಪಿಟ್ಟುಕೊಳ್ಳುತ್ತಿಲ್ಲ, ಹುಡುಕುತ್ತಿದ್ದಾರೆ. ಆದುದರಿಂದ ಹುಡುಕಲು ಬರುವವರಿಗಾಗಿ ಪರ್ಯಾಯಗಳು ಹಲವಿರಲಿ, ಕಲಿತು ನೆನಪಿಡುವವರಿಗಾಗಿ ಪರದೆಯ ಪದವು ಮಿಕ್ಕ ಪದಗಳಿಂದ ಎದ್ದು ಬೇರೆಯಾಗಿ ಕಾಣುವಂತಿರಲಿ.

ಜೋಡಿಗಳನ್ನು ಕಟ್ಟುವುದು

ಪದಗಳನ್ನು ಒಂದೊಂದಾಗಿ ಆರಿಸದೆ ಜೋಡಿಯಾಗಿ ಆರಿಸಬೇಕೆಂಬುದನ್ನು ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ಕ್ಯಾರಲ್ 1982ರಲ್ಲಿ ತೋರಿಸಿಕೊಟ್ಟರು. ಒಂದು ಯಂತ್ರಮಾನವನನ್ನು ನಡೆಸುವ ಆಜ್ಞೆಗಳನ್ನು ಜನರಿಗೆ ಕಲಿಸಿದಾಗ, ‘ಅಡ್ವಾನ್ಸ್’ (ಮುನ್ನಡೆ) ಎಂಬುದಕ್ಕೆ ‘ರಿಟ್ರೀಟ್’ (ಹಿಮ್ಮೆಟ್ಟು) ಎದುರಾಗಿರುವಂತೆ ಪರಸ್ಪರ ಹೊಂದಿಕೊಳ್ಳುವ ಜೋಡಿಗಳು, ‘ಗೋ’ ಎಂಬುದರ ಎದುರು ‘ಬ್ಯಾಕ್’ ಇರುವಂತಹ ಹೊಂದದ ಜೋಡಿಗಳಿಗಿಂತ ಸ್ಪಷ್ಟವಾಗಿ ಉತ್ತಮವಾಗಿದ್ದವು. ಜೋಡಿಯ ಒಂದು ಪದ ನೆನಪಾದರೆ ಇನ್ನೊಂದು ತಾನಾಗಿ ಹಿಂದೆಯೇ ಬರುತ್ತದೆ.

ಜೋಡಿಯ ಬಲವನ್ನು ಅರಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ನಮ್ಮ ಕೈಬೆರಳ ತುದಿಯಲ್ಲೇ ಇದೆ. ‘ಕೆ’ ಕೀಲಿ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. ‘ಜಿ’ ಒತ್ತಿದರೆ ಗ, ಶಿಫ್ಟ್ ಜೊತೆಗೆ ಘ. ಅಲ್ಪಪ್ರಾಣಕ್ಕೆ ಶಿಫ್ಟ್ ಕೂಡಿದರೆ ಮಹಾಪ್ರಾಣ ಎಂಬ ಒಂದು ನಿಯಮ ತಿಳಿದರೆ ಹತ್ತು ಅಕ್ಷರಗಳು ಕಲಿಯದೆಯೇ ಬಂದವು. ಹ್ರಸ್ವಕ್ಕೆ ಶಿಫ್ಟ್ ಕೂಡಿದರೆ ದೀರ್ಘ ಎಂಬುದೂ ಅದೇ ದಾರಿಯದು. ಹೊಸಬರು ತಡವರಿಸುವುದು ಉಚ್ಚಾರಣೆಯ ಸುಳಿವು ಸಿಗದ ಕಡೆಯಲ್ಲಿ, ‘ಕ್ಯೂ’ ಕೀಲಿಯಲ್ಲಿರುವ ಟ ಮತ್ತು ‘ಡಬ್ಲ್ಯೂ’ ಕೀಲಿಯಲ್ಲಿರುವ ಡ ಹುಡುಕುವಾಗ. ಕೀಲಿಮಣೆ ಕಲಿಸುವವರು ಇದನ್ನು ಗಮನಿಸಿ, ನಿಯಮಕ್ಕೆ ಒಳಪಟ್ಟದ್ದನ್ನು ಒಂದೇ ದಿನದಲ್ಲಿ ಹೇಳಿ ಮುಗಿಸಿ, ಉಳಿದ ಅವಧಿಯನ್ನೆಲ್ಲ ನಿಯಮದ ಹೊರಗಿರುವ ಈ ಕೆಲವು ಕೀಲಿಗಳ ಅಭ್ಯಾಸಕ್ಕೆ ಕೊಟ್ಟರೆ ಒಳ್ಳೆಯದು.

ಆಜ್ಞೆಗಳ ಜೋಡಿಗಳಿಗಾಗಿ ಮೊದಲು ಬಳಕೆದಾರರ ವೃತ್ತಿಯ ಮಾತನ್ನು ನೋಡಬೇಕು. ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು, ಕರ್ಣಾಟಕ ಬ್ಯಾಂಕು, ವಿಜಯಾ ಬ್ಯಾಂಕುಗಳು ಹುಟ್ಟಿದ ಮಂಗಳೂರು–ಉಡುಪಿಯಲ್ಲಿ ಲೆಕ್ಕ ಬರೆಯುವವರ ಬಾಯಲ್ಲಿ ‘ಜಮಾ–ಖರ್ಚು’ ತಲೆಮಾರುಗಳಿಂದ ನೆಲೆಸಿದೆ. ಅದರ ಬದಲಿಗೆ ‘ಆವಕ–ಜಾವಕ’ ಎಂದೋ ಹೊಸದಾಗಿ ಕಟ್ಟಿದ ಸಂಸ್ಕೃತ ಪದವೊಂದನ್ನೋ ಇಡುವುದರಿಂದ ಲಾಭವಿಲ್ಲ. ಸಿದ್ಧ ಜೋಡಿ ಇಲ್ಲದ ಕಡೆ ‘ಮುಂದೆ–ಹಿಂದೆ’, ‘ತೆರೆ–ಮುಚ್ಚು’, ‘ಏರಿಸು–ಇಳಿಸು’ ಎಂಬಂತೆ ಎರಡೂ ಪದಗಳು ಒಂದೇ ತೂಕದವಾಗಿರಲಿ.

ಇಲ್ಲಿಯೇ ಕನ್ನಡಕ್ಕೆ ವಿಶಿಷ್ಟವಾದ ತೊಡಕು ಎದುರಾಗುವುದು. ಅರ್ಥದ ದೃಷ್ಟಿಯಿಂದ ‘ಅಳಿವು–ಉಳಿವು’ ಎಂಬುದಕ್ಕಿಂತ ಹೊಂದಿಕೆಯಾದ ಜೋಡಿ ಸಿಗುವುದು ಕಷ್ಟ; ಅದರ ಜೊತೆಗೆ ಜಾಲದಿಂದ ಕಡತವನ್ನು ತರುವುದಕ್ಕೆ ‘ಇಳಿಸು’ ಎಂಬುದೂ ಬಳಕೆಗೆ ಬಂದಿದೆ. ಆದರೆ ಅಳಿಸು, ಇಳಿಸು, ಉಳಿಸು ಎಂಬ ಮೂರರಲ್ಲೂ ಮೊದಲ ಸ್ವರವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ. ಓದುವಾಗ ಕಣ್ಣು, ಹೇಳುವಾಗ ನಾಲಗೆ, ಬೆರಳಚ್ಚಿಸುವಾಗ ಕೈ, ಈ ಮೂರೂ ಅಲ್ಲಿ ಜಾರಬಹುದು. ಅರ್ಥದಲ್ಲಿ ಜೋಡಿಯಾಗಿರಬೇಕು, ರೂಪದಲ್ಲಿ ದೂರವಾಗಿರಬೇಕು ಎಂಬ ಎರಡು ಬೇಡಿಕೆಗಳಲ್ಲಿ ಎರಡನೆಯದಕ್ಕೆ ಇಲ್ಲಿ ಮಣಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ‘ಉಳಿಸು’ ಇರುವ ಪರದೆಯಲ್ಲಿ ಅದರ ಎದುರಿಗೆ ‘ತೆಗೆದುಹಾಕು’ ಇರಲಿ: ‘ತೆಗೆ’ ಎಂಬುದರ ಅನಿಶ್ಚಿತತೆಯನ್ನು ‘ಹಾಕು’ ಎಂಬುದು ನಿವಾರಿಸುತ್ತದೆ, ಪದದ ಉದ್ದವೇ ಕೈಯನ್ನು ಒಂದು ಕ್ಷಣ ತಡೆಯುತ್ತದೆ. ‘ಅಳಿಸು’ ಎಂಬುದನ್ನು ಪರ್ಯಾಯವಾಗಿ ಸ್ವೀಕರಿಸಿದರೂ, ಕೆಲಸ ಮಾಡುವ ಮೊದಲು ‘ಮೂರನೆಯ ಹೆಸರನ್ನು ತೆಗೆದುಹಾಕಬೇಕೆ?’ ಎಂದು ಬೇರೆ ಪದದಲ್ಲಿ ಕೇಳಿ ಖಾತರಿ ಮಾಡಿಕೊಳ್ಳಬೇಕು. ಅದೇ ಪದವನ್ನು ಮರಳಿ ಕೇಳಿದರೆ ತಪ್ಪಿ ಓದಿದ ಕಣ್ಣು ಮತ್ತೊಮ್ಮೆ ತಪ್ಪಿ ಓದುತ್ತದೆ.

ಪದಗಳ ಕ್ರಮ ಮತ್ತು ಸಂಕ್ಷೇಪ

ಆಜ್ಞೆಯನ್ನು ಬೆರಳಚ್ಚಿಸುವ ತಂತ್ರಾಂಶವಾದರೆ ಮಾತ್ರ ಈ ಭಾಗ ಬೇಕಾಗುತ್ತದೆ. ಹೆನ್ರಿ ಲೆಡ್ಗಾರ್ಡ್ ಮತ್ತು ಸಂಗಡಿಗರು 1980ರಲ್ಲಿ ಒಂದೇ ಸಾಮರ್ಥ್ಯದ ಎರಡು ತಿದ್ದುವ ತಂತ್ರಾಂಶಗಳನ್ನು ಹೋಲಿಸಿದರು. ಒಂದರ ಆಜ್ಞೆಗಳು ಓರೆಗೆರೆ, ಅರ್ಧವಿರಾಮ, ನಕ್ಷತ್ರ ಚಿಹ್ನೆಗಳಿಂದ ಕೂಡಿದ್ದವು, ಇನ್ನೊಂದರವು ಸಾಮಾನ್ಯ ಇಂಗ್ಲಿಷ್ ವಾಕ್ಯದಂತಿದ್ದವು. ವಾಕ್ಯದಂತಿದ್ದದ್ದೇ ಮೇಲಾಯಿತು. ಕೇಂಬ್ರಿಜ್‌ನಲ್ಲಿ ಫಿಲಿಪ್ ಬರ್ನಾರ್ಡ್ ಮತ್ತು ಸಂಗಡಿಗರು 1981ರಲ್ಲಿ ಕಂಡುಕೊಂಡಂತೆ, ಎಲ್ಲ ಆಜ್ಞೆಗಳಲ್ಲೂ ಮತ್ತೆ ಮತ್ತೆ ಬರುವ ಅಂಶವು ಯಾವಾಗಲೂ ಒಂದೇ ಸ್ಥಾನದಲ್ಲಿದ್ದರೆ ಕಲಿಕೆ ಸುಲಭವಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಮುದ್ರಿಸು ರಶೀದಿ’ ಎನ್ನದೆ ‘ರಶೀದಿ ಮುದ್ರಿಸು’ ಎಂಬ ಕ್ರಮವನ್ನೇ ಎಲ್ಲ ಆಜ್ಞೆಗಳಲ್ಲೂ ತಪ್ಪದೆ ಪಾಲಿಸಬೇಕು.

ಸಂಕ್ಷೇಪಗಳ ಬಗ್ಗೆ ಅದೇ ವರ್ಷಗಳಲ್ಲಿ ನಡೆದ ಪ್ರಯೋಗಗಳು ಒಂದು ಮಾತನ್ನು ಒತ್ತಿ ಹೇಳುತ್ತವೆ: ಸಂಕ್ಷೇಪ ಒಂದೇ ನಿಯಮದಿಂದ ಹುಟ್ಟಬೇಕು, ಆ ನಿಯಮ ಬಳಸುವವರಿಗೆ ತಿಳಿದಿರಬೇಕು. ಇಂಗ್ಲಿಷಿನಲ್ಲಿ ಪರಿಶೀಲಿಸಿದ ಮುಖ್ಯ ನಿಯಮಗಳು ಎರಡು, ಪದದ ಕೊನೆಯನ್ನು ಕತ್ತರಿಸುವುದು ಮತ್ತು ಸ್ವರಗಳನ್ನು ಬಿಡುವುದು. ಎರಡನೆಯದನ್ನು ಕನ್ನಡಕ್ಕೆ ತಂದರೆ ಅಳಿಸು, ಇಳಿಸು, ಉಳಿಸು ಮೂರೂ ಒಂದೇ ಆಗಿಬಿಡುತ್ತವೆ. ಮೊದಲ ಅಕ್ಷರವನ್ನು ಮಾತ್ರ ಇಟ್ಟುಕೊಂಡರೆ ಮುಚ್ಚು, ಮುದ್ರಿಸು ಎರಡೂ ‘ಮು’ ಆಗುತ್ತವೆ. ಮೊದಲ ಎರಡು ಅಕ್ಷರಗಳನ್ನು ಇಟ್ಟುಕೊಳ್ಳುವುದು ಬಹುಮಟ್ಟಿಗೆ ಸಾಕು. ಸಂಕ್ಷೇಪದಿಂದ ಉಳಿಯುವ ಸಮಯವನ್ನೂ ದೊಡ್ಡದೆಂದು ಭಾವಿಸಬಾರದು. ಕಾರ್ಡ್, ಮೋರನ್ ಮತ್ತು ನ್ಯೂಯೆಲ್ ಅವರ 1980ರ ಲೆಕ್ಕಾಚಾರದಲ್ಲಿ ಪಳಗಿದ ಬೆರಳಚ್ಚುಗಾರರಿಗೆ ಒಂದು ಕೀಲಿ ಒತ್ತಲು ಸುಮಾರು 0.2 ಸೆಕೆಂಡು, ಮುಂದೇನು ಮಾಡಬೇಕೆಂದು ಮನಸ್ಸು ಅಣಿಯಾಗಲು 1.35 ಸೆಕೆಂಡು ಬೇಕು. ಮೂರು ಕೀಲಿಗಳನ್ನು ಉಳಿಸಲು ಹೋಗಿ ಒಂದು ಸಲ ಅನುಮಾನಿಸಿ ನಿಲ್ಲುವಂತಾದರೆ ಸಮಯ ನಷ್ಟವೇ ಆಯಿತು.

ಪಕ್ಕದ ಕೋಣೆಯ ಸಹಾಯಕ

ಪದಗಳ ಪಟ್ಟಿ ಸಿದ್ಧವಾದ ಮೇಲೆ, ತಂತ್ರಾಂಶ ಬರೆಯುವುದಕ್ಕೂ ಮೊದಲೇ ಅದನ್ನು ಬಳಸಿ ನೋಡಬಹುದು. ಡಿಜಿಟಲ್ ಇಕ್ವಿಪ್ಮೆಂಟ್ ಕಾರ್ಪೊರೇಷನ್ನಿನಲ್ಲಿ ಮೈಕೆಲ್ ಗುಡ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಕೆಲಸ ನನಗೆ ಈ ಎಲ್ಲವುಗಳಲ್ಲಿ ಹೆಚ್ಚು ಪ್ರಿಯವಾದದ್ದು. ಇ-ಮೇಲ್ ಬಳಸಿ ಗೊತ್ತಿಲ್ಲದವರನ್ನು ಯಂತ್ರದ ಮುಂದೆ ಕೂರಿಸಿ, ಯಾವ ಸೂಚನೆಯನ್ನೂ ಕೊಡದೆ ಕೆಲಸ ಒಪ್ಪಿಸಲಾಯಿತು. ಯಂತ್ರಕ್ಕೆ ತಿಳಿಯದ ಆಜ್ಞೆಯನ್ನು, ಕಣ್ಣಿಗೆ ಕಾಣದಂತೆ ಕುಳಿತಿದ್ದ ವ್ಯಕ್ತಿಯೊಬ್ಬರು ಓದಿ ಸರಿಯಾದ ರೂಪಕ್ಕೆ ತಿರುಗಿಸಿ ಕಳುಹಿಸುತ್ತಿದ್ದರು. ಆರಂಭದಲ್ಲಿ ಜನರು ತಾವಾಗಿ ಬರೆದ ಆಜ್ಞೆಗಳಲ್ಲಿ ಶೇಕಡಾ 7ರಷ್ಟು ಮಾತ್ರ ಯಂತ್ರಕ್ಕೆ ಅರ್ಥವಾಗುತ್ತಿದ್ದವು. ಜನರನ್ನು ತಿದ್ದದೆ, ಅವರ ಆಜ್ಞೆಗಳಿಗೆ ತಕ್ಕಂತೆ ಯಂತ್ರವನ್ನು ತಿದ್ದುತ್ತಾ ಹೋದಾಗ ಆ ಪ್ರಮಾಣ ಶೇಕಡಾ 76ಕ್ಕೆ ಏರಿತು.

ಇದನ್ನು ಕಾಗದದಲ್ಲಿ ಮಾಡುವುದು ಸುಲಭ. ಒಂದು ಕೋಣೆಯಲ್ಲಿ ಪರೀಕ್ಷೆಗೆ ಬಂದವರು ತಮ್ಮ ಆಜ್ಞೆಯನ್ನು ಚೀಟಿಯಲ್ಲಿ ಬರೆಯಲಿ, ಪಕ್ಕದ ಕೋಣೆಯ ಸಹಾಯಕರು ಅದನ್ನು ಓದಿ ಮುಂದಿನ ಪುಟವನ್ನು ಕಳುಹಿಸಲಿ. ಸಹಾಯಕರು ಯಾವ ಪದವನ್ನು ಪಟ್ಟಿಯ ನೆರವಿಲ್ಲದೆ ಊಹಿಸಬೇಕಾಯಿತು ಎಂಬುದನ್ನು ಅಲ್ಲೇ ಗುರುತು ಮಾಡಿಕೊಳ್ಳಬೇಕು, ಏಕೆಂದರೆ ಪಟ್ಟಿಗೆ ಸೇರಬೇಕಾದ ಪದ ಅದೇ. ಯಂತ್ರದ ಸ್ಥಾನದಲ್ಲಿ ಮನುಷ್ಯರಿದ್ದಾರೆಂಬುದನ್ನು ಬಂದವರಿಂದ ಮುಚ್ಚಿಡುವ ಅಗತ್ಯವಿಲ್ಲ. ಹೇಳಿ ಒಪ್ಪಿಗೆ ಪಡೆದರೂ ಕೆಲಸ ನಡೆಯುತ್ತದೆ.

ಕೆಲಸ ಮಾಡುತ್ತಿರುವಾಗ ಮನಸ್ಸಿನಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಿರುವಂತೆ ಅವರನ್ನು ಕೋರಬೇಕು. ಐಬಿಎಂನಲ್ಲಿ ಕ್ಲೇಟನ್ ಲೂಯಿಸ್, ರಾಬರ್ಟ್ ಮ್ಯಾಕ್ ಮತ್ತು ಕ್ಯಾರಲ್ ಬರಹ ಸಂಸ್ಕರಣೆ ಕಲಿಯುವ ಕಚೇರಿ ನೌಕರರ ಮಾತನ್ನು ಹೀಗೆಯೇ ಕೇಳಿಸಿಕೊಂಡು, ಕಲಿಯುವವರು ಕೈಪಿಡಿಯನ್ನು ಓದುವುದಕ್ಕಿಂತ ಮಾಡಿ ನೋಡುವುದಕ್ಕೇ ಮುಂದಾಗುತ್ತಾರೆಂದು ಅರಿತರು. ನಮ್ಮಲ್ಲಿ ಇದಕ್ಕೆ ಒಂದು ಅಡ್ಡಿಯಿದೆ. ಪರೀಕ್ಷೆ ಎಂಬ ಮಾತು ಕೇಳಿದೊಡನೆ ಜನರು ತಾವು ಉತ್ತೀರ್ಣರಾಗಬೇಕೆಂದು ಭಾವಿಸಿ, ಪ್ರತಿ ಹೆಜ್ಜೆಗೂ ನಿಮ್ಮ ಮುಖ ನೋಡಿ ‘ಇದು ಸರಿಯಾ ಸರ್?’ ಎನ್ನುತ್ತಾರೆ. ‘ನಾವು ಪರೀಕ್ಷಿಸುತ್ತಿರುವುದು ಪದಗಳನ್ನು, ನಿಮ್ಮನ್ನಲ್ಲ, ನೀವು ತಡವರಿಸಿದ ಕಡೆಯೆಲ್ಲ ನಮ್ಮ ತಪ್ಪು ಸಿಗುತ್ತದೆ’ ಎಂದು ಆರಂಭದಲ್ಲೇ ಹೇಳಬೇಕು, ಮತ್ತು ಅವರ ಬೆನ್ನ ಹಿಂದೆ ಒಂದು ಬದಿಗೆ ಕೂರಬೇಕು. ಮಾತು ಮನೆಮಾತಿನಲ್ಲೇ ಬರಲಿ. ಬರೆದುಕೊಳ್ಳುವವರಿಗೆ ತುಳುವೋ ಕೊಂಕಣಿಯೋ ತಿಳಿದಿರುವಂತೆ ನೋಡಿಕೊಂಡರಾಯಿತು. ಐದಾರು ಜನರನ್ನು ಹೀಗೆ ನೋಡಿದರೆ ಒಂದು ವಾರದ ಕೆಲಸಕ್ಕೆ ಸಾಕಾಗುವಷ್ಟು ತಿದ್ದುಪಡಿ ಕೈಗೆ ಬಂದಿರುತ್ತದೆ.

ಒಂದು ವಾರದ ನಂತರ ಮತ್ತು ಆಮೇಲೆ

ಕಲಿಸಿದ ದಿನವೇ ಕೇಳಿದರೆ ಎಲ್ಲ ಪದಗಳೂ ನೆನಪಿನಲ್ಲಿರುತ್ತವೆ. ಹಾಗಾಗಿ ಅದೇ ಜನರನ್ನು ಒಂದು ವಾರದ ನಂತರ, ಮುನ್ಸೂಚನೆಯಿಲ್ಲದೆ, ಅದೇ ಚಿತ್ರದ ಚೀಟಿಗಳೊಂದಿಗೆ ಕಂಡು ಪದಗಳನ್ನು ಬರೆಸಬೇಕು. ಮರೆತ ಪದಗಳಿಗಿಂತ ಒಂದರ ಬದಲು ಇನ್ನೊಂದಾಗಿ ಬಂದ ಪದಗಳನ್ನು ಹೆಚ್ಚು ಗಂಭೀರವಾಗಿ ನೋಡಬೇಕು. ಮರೆತವರು ಕೇಳಿ ತಿಳಿದುಕೊಳ್ಳುತ್ತಾರೆ, ಅದಲುಬದಲಾದವರು ಧೈರ್ಯದಿಂದ ತಪ್ಪು ಗುಂಡಿಯನ್ನು ಒತ್ತುತ್ತಾರೆ.

ತಂತ್ರಾಂಶ ಬಳಕೆಗೆ ಬಂದ ಮೇಲೆ ಎರಡು ಏರ್ಪಾಡುಗಳು ಉಳಿಯುತ್ತವೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಸಾಲ್ ಗ್ರೀನ್‌ಬರ್ಗ್ 168 ಯುನಿಕ್ಸ್ ಬಳಕೆದಾರರ ಆಜ್ಞೆಗಳನ್ನು ದಾಖಲಿಸಿದಾಗ, ಬರೆದ ಸಾಲುಗಳಲ್ಲಿ ಸುಮಾರು ಮುಕ್ಕಾಲು ಪಾಲು ಅದೇ ವ್ಯಕ್ತಿ ಹಿಂದೊಮ್ಮೆ ಬರೆದದ್ದೇ ಆಗಿತ್ತು. ಆದುದರಿಂದ ಇತ್ತೀಚೆಗೆ ಬಳಸಿದ ಐದಾರು ಆಜ್ಞೆಗಳು ಪರದೆಯಲ್ಲಿ ಸದಾ ಕೈಗೆಟಕುವಂತಿರಲಿ. ಆದರೆ ತೆಗೆದುಹಾಕುವ ಆಜ್ಞೆಯನ್ನು ಆ ಪಟ್ಟಿಯಿಂದ ಹೊರಗಿಡಬೇಕು. ಎರಡನೆಯದಾಗಿ, ಯಂತ್ರಕ್ಕೆ ಅರ್ಥವಾಗದ ಪ್ರತಿಯೊಂದು ಪದವೂ, ಬರೆದವರ ಹೆಸರಾಗಲಿ ಲೆಕ್ಕದ ಅಂಕಿಗಳಾಗಲಿ ಇಲ್ಲದೆ, ಪದ ಮಾತ್ರ ಒಂದು ಕಡತದಲ್ಲಿ ಸಂಗ್ರಹವಾಗುವಂತೆ ಮಾಡಿ, ಇದನ್ನು ಬಳಕೆದಾರರಿಗೆ ಮೊದಲೇ ತಿಳಿಸಬೇಕು. ತಿಂಗಳಿಗೊಮ್ಮೆ ಆ ಕಡತವನ್ನು ತೆರೆದು, ಎರಡು ಬಾರಿಗಿಂತ ಹೆಚ್ಚು ಬಂದ ಪದವನ್ನು ಸಂಘದವರ ಮುಂದೆ ಓದಿ, ಅದರಿಂದ ಅವರು ಏನನ್ನು ಬಯಸಿದ್ದರೆಂದು ಕೇಳಿ, ಪರ್ಯಾಯಗಳ ಪಟ್ಟಿಗೆ ಸೇರಿಸಬೇಕು.